ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಸ್ನೇಹಿತರೊಡನೆ ಎರಡು ರಾತ್ರಿ: ಒಬ್ಬೊಬ್ಬರಿಗೆ ಒಂದೊಂದು ಜಾಗ

ಯಾದವಗಿರಿಯವನು, ಡ್ರೆಸ್ಡೆನ್

ಜರ್ಮನಿಯ ಡ್ರೆಸ್ಡೆನ್‌ಗೆ ಓದಲು ಬಂದವರಲ್ಲಿ ಹೆಚ್ಚಿನವರು ಸ್ನೇಹಿತರೊಡನೆ ಹೋಗುವ ಮೊದಲ ವಾರಾಂತ್ಯದ ಪ್ರವಾಸ ಪ್ರಾಗ್‌ನದೇ ಆಗಿರುತ್ತದೆ. ಇಲ್ಲಿನ ಮುಖ್ಯ ನಿಲ್ದಾಣದಲ್ಲಿ ರೈಲು ಹತ್ತಿದರೆ, ಮೈಸೂರಿನಿಂದ ಬೆಂಗಳೂರಿಗೆ ಹೋಗುವಷ್ಟು ಹೊತ್ತಿನಲ್ಲಿ, ಅಂದರೆ ಸುಮಾರು ಎರಡೂವರೆ ಗಂಟೆಯಲ್ಲಿ, ಇನ್ನೊಂದು ದೇಶವಾದ ಚೆಕ್ ಗಣರಾಜ್ಯದ ರಾಜಧಾನಿಯಲ್ಲಿ ಇಳಿಯಬಹುದು. ನಾವು ನಾಲ್ವರು ಕಳೆದ ತಿಂಗಳು ಶುಕ್ರವಾರ ಮಧ್ಯಾಹ್ನದ ತರಗತಿ ಮುಗಿಸಿಕೊಂಡು ಹೊರಟು ಭಾನುವಾರ ರಾತ್ರಿ ಮರಳಿದೆವು. ಐದನೆಯವಳಾಗಿ ಬರಬೇಕಿದ್ದ ಗೆಳತಿಗೆ ಬರಲಾಗಲಿಲ್ಲ. ಅದರ ಕಾರಣವನ್ನು ತಾನೇ ಕೆಳಗೆ ಬರೆಯುವುದಾಗಿ ಹೇಳಿದ್ದಾಳೆ.

ಪ್ರಾಗ್‌ನಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ನಾವು ಅನುಸರಿಸಿದ ಒಂದು ಕ್ರಮವನ್ನು ಹೇಳಿ, ಅದು ಬೇರೆ ಗುಂಪುಗಳಿಗೂ ಹೊಂದುತ್ತದೆಯೇ ಎಂದು ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕೆನಿಸಿದೆ. ಡಿಸೆಂಬರಿನಲ್ಲಿ ಇದೇ ಗುಂಪು ಎರಡು ದಿನಗಳಲ್ಲಿ ಮೂರು ಊರು ನೋಡುವ ಯೋಜನೆ ಹಾಕಿಕೊಂಡು ಹೋಗಿತ್ತು. ರೈಲು ತಪ್ಪೀತೆಂಬ ಭಯದಲ್ಲಿ ಊಟ ಬಿಟ್ಟೆವು, ಒಬ್ಬರು ನಿಧಾನವಾದರೆಂದು ಇನ್ನೊಬ್ಬರು ಸಿಡುಕಿದರು, ಮರಳುವ ದಾರಿಯಲ್ಲಿ ಯಾರೂ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಈ ಸಲ ಹೊರಡುವ ಮೊದಲೇ ಒಂದು ಒಪ್ಪಂದಕ್ಕೆ ಬಂದೆವು. ಹೋಗುವುದು ಒಂದೇ ಊರಿಗೆ. ಪ್ರತಿಯೊಬ್ಬರೂ ತಮಗೆ ನಿಜವಾಗಿ ಬೇಕಾದ ಒಂದೇ ಒಂದು ಜಾಗವನ್ನು ಆರಿಸಿ, ಅದು ಯಾಕೆ ಬೇಕೆಂದು ಉಳಿದವರಿಗೆ ಹೇಳಬೇಕು. ಉಳಿದವರು ಆ ಜಾಗಕ್ಕೆ ಮನಸ್ಸಿಟ್ಟು ಜೊತೆಗೆ ಹೋಗಬೇಕು. ಮಿಕ್ಕ ಹೊತ್ತಿಗೆ ವೇಳಾಪಟ್ಟಿ ಇಲ್ಲ.

ನನ್ನ ಆಯ್ಕೆ ಲೆಟ್ನಾ ಗುಡ್ಡದ ಮೇಲಿರುವ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯವಾಗಿತ್ತು. ನಮ್ಮ ತಾತ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1960ರ ದಶಕದ ಆರಂಭದಲ್ಲಿ, ಇಂದಿನ ಚೆಕ್ ದೇಶವೂ ಸೇರಿದ್ದ ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಜಾವಾ ಬೈಕು ತಯಾರಿಸಲು ಶುರುಮಾಡಿದ ಆ ಕಾರ್ಖಾನೆ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳನ್ನು ಹೊರತಂದು, 1996ರಲ್ಲಿ ಮುಚ್ಚಿತು. ಕಿಕ್ ಹೊಡೆದ ಲಿವರನ್ನೇ ತಿರುಗಿಸಿ ಗೇರ್ ಹಾಕುವ ಆ ಬೈಕಿನ ಏರ್ಪಾಡನ್ನು ತಾತ ನನಗೆ ಆರನೆಯ ವಯಸ್ಸಿನಲ್ಲೇ ಕೈಹಿಡಿದು ತೋರಿಸಿದ್ದರು. ನಾನು ಯಂತ್ರಶಾಸ್ತ್ರ ಓದಲು ಆರಿಸಿಕೊಂಡದ್ದರ ಹಿಂದೆ ಆ ಒಂದು ಲಿವರ್ ಇದೆ ಎಂದರೆ ಅತಿಶಯವಾಗದು.

ವಸ್ತುಸಂಗ್ರಹಾಲಯದ ಸಾರಿಗೆ ವಿಭಾಗ ಒಂದು ದೊಡ್ಡ ಹಜಾರ. ಕೆಳಗೆ ಉಗಿಬಂಡಿಗಳು ಮತ್ತು ಕಾರುಗಳು ನಿಂತಿವೆ, ಚಾವಣಿಯಿಂದ ಹಳೆಯ ವಿಮಾನಗಳು ತೂಗುತ್ತಿವೆ, ಸುತ್ತಲಿನ ಅಂಕಣಗಳಲ್ಲಿ ಬೈಕು, ಸೈಕಲ್ಲುಗಳ ಸಾಲಿದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕು ತಯಾರಿಕೆಯನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ರೋಮನ್ ಅಕ್ಷರಗಳಾದ JA ಯನ್ನೂ ಆ ಕಂಪನಿಯ ಹೆಸರಿನ ಮೊದಲೆರಡಾದ WA ಯನ್ನೂ ಸೇರಿಸಿ ಜಾವಾ ಎಂಬ ಹೆಸರು ಕಟ್ಟಿದ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಉಚ್ಚಾರ. ಅಲ್ಲಿ ಕಾವಲಿಗೆ ಕುಳಿತಿದ್ದ ವಯಸ್ಸಾದ ಮಹಿಳೆ ನನ್ನನ್ನು ನೋಡಿ ಬೈಕಿನತ್ತ ಕೈ ತೋರಿಸಿ "ಯಾವಾ" ಎಂದರು. ಕನ್ನಡದ ಕಿವಿಗೆ ಅದು ಪ್ರಶ್ನೆಯಂತೆ ಕೇಳಿಸಿ, ಯಾವ ಬೈಕೆಂದು ಕೇಳುತ್ತಿದ್ದಾರೆ ಎಂದುಕೊಂಡು ಒಂದು ಕ್ಷಣ ಉತ್ತರ ಹುಡುಕಿದೆ. ಆಮೇಲೆ ಮೊಬೈಲಿನಲ್ಲಿದ್ದ, ಕಾರ್ಖಾನೆಯ ಸಮವಸ್ತ್ರದಲ್ಲಿ ಬೈಕಿನ ಪಕ್ಕ ನಿಂತ ತಾತನ ಫೋಟೋ ತೋರಿಸಿ, ನಕಾಶೆಯಲ್ಲಿ ಮೈಸೂರನ್ನು ಹುಡುಕಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಚೆಕ್ ಬಾರದು. ಅವರು ಪಕ್ಕದ ಕೋಣೆಯಿಂದ ತಮ್ಮ ಸಹೋದ್ಯೋಗಿಯನ್ನು ಕರೆತಂದು ಅದೇ ಫೋಟೋವನ್ನು ಅವರಿಗೂ ತೋರಿಸಿದರು. ಒಂದೂವರೆ ಗಂಟೆ ನನ್ನ ಮೂವರು ಸ್ನೇಹಿತರು ಅಲ್ಲೇ ಇದ್ದರು. ಬೈಕುಗಳ ಬಗ್ಗೆ ಆಸಕ್ತಿಯೇ ಇಲ್ಲದ ಹಾಸನದ ಗೆಳತಿ ನಮ್ಮ ತಾತನ ಬಗ್ಗೆ ಕೇಳಿದ ಪ್ರಶ್ನೆಗಳನ್ನು ನಮ್ಮ ಮನೆಯಲ್ಲೇ ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು. ಚೆಕ್ ಭಾಷೆಯಲ್ಲಿ "ಯೆಜ್ಡಿ" ಎಂದರೆ ಓಡುತ್ತದೆ, ಸಂಚರಿಸುತ್ತದೆ ಎಂದರ್ಥ. ಮರುದಿನ ಒಂದು ಟ್ರಾಮ್ ನಿಲ್ದಾಣದಲ್ಲಿ ಸಂಚಾರವಿಲ್ಲವೆಂಬ ಸೂಚನೆಯಲ್ಲಿ "ನೆಯೆಜ್ಡಿ" ಎಂಬ ಪದವನ್ನು ಓದಿದಾಗ, ಬೀಗ ಬಿದ್ದ ಕಾರ್ಖಾನೆಯ ಗೇಟು ನೆನಪಾಗಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮೈಸೂರಿನ ಬೈಕಿಗೆ ಆ ಹೆಸರು ಇರಾನಿನ ಯಜ್ದ್ ಪಟ್ಟಣದಿಂದ ಬಂದದ್ದೆಂದು ಹೇಳುತ್ತಾರೆ. ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ಬರೀ ಆಕಸ್ಮಿಕವಿರಬಹುದು.

ಕಲಬುರಗಿ ಸಿವಿಲ್, ಡ್ರೆಸ್ಡೆನ್

ಆ ನಾಲ್ವರಲ್ಲಿ ನಾನೂ ಒಬ್ಬ. ನಾನು ಆರಿಸಿದ್ದು ಚಾರ್ಲ್ಸ್ ಸೇತುವೆ, ಆದರೆ ಬೆಳಗಿನ ಐದೂವರೆಗೆ. ಹತ್ತು ಗಂಟೆಯ ಮೇಲೆ ಅಲ್ಲಿ ಜಾತ್ರೆಯಂಥ ಜನ ಸೇರುವುದರಿಂದ ಕಲ್ಲನ್ನು ನೋಡಲು ಆಗುವುದಿಲ್ಲ. ಸ್ನೇಹಿತರು ಆ ಹೊತ್ತಿಗೆ ಎದ್ದು ಬಂದದ್ದಕ್ಕೆ ನಾನು ಅವರಿಗೆ ಋಣಿ.

1342ರಲ್ಲಿ ಪ್ರವಾಹ ಹಳೆಯ ಜೂಡಿತ್ ಸೇತುವೆಯನ್ನು ಕೆಡವಿದ ಮೇಲೆ, ಅಲ್ಲಿನ ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿಸಿದ. ಸುಮಾರು 516 ಮೀಟರ್ ಉದ್ದ, 16 ಕಮಾನು, ಎಲ್ಲವೂ ಮರಳುಗಲ್ಲು. ಗಾರೆ ಗಟ್ಟಿಯಾಗಲೆಂದು ಊರೂರುಗಳಿಂದ ಮೊಟ್ಟೆ ತರಿಸಿದರೆಂದೂ, ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರೆಂದೂ ಅಲ್ಲಿನವರು ಕಥೆ ಹೇಳುತ್ತಾರೆ. ನಮ್ಮೂರಿನ ಕೋಟೆಯ ಗೋಡೆ ತೋರಿಸಿ ಅಜ್ಜಿ ಹೇಳುತ್ತಿದ್ದ ಸುಣ್ಣ, ಬೆಲ್ಲ, ಮೊಟ್ಟೆಯ ಬಿಳಿಯ ಮಾತನ್ನು ನಾನು ಆ ಸೇತುವೆಯ ಮೇಲೆ ಮೂವರಿಗೂ ಹೇಳಿದೆ. ಸಾವಿರಾರು ಮೈಲಿ ದೂರದ ಎರಡು ಊರುಗಳ ಜನ ಗಟ್ಟಿ ಗೋಡೆಯನ್ನು ನೋಡಿ ಒಂದೇ ಬಗೆಯಲ್ಲಿ ಯೋಚಿಸಿದ್ದಾರೆ.

ಡ್ರೆಸ್ಡೆನ್‌ನಲ್ಲಿ ಓದುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸೇತುವೆಯ ಕೆಳಗೆ ಹರಿಯುವ ವಲ್ಟಾವಾ ಮೆಲ್ನಿಕ್ ಎಂಬಲ್ಲಿ ಲಾಬೆ ನದಿಯನ್ನು ಸೇರುತ್ತದೆ. ಆ ಲಾಬೆಯೇ ಗಡಿ ದಾಟಿ ಎಲ್ಬೆಯಾಗಿ ನಮ್ಮ ವಿದ್ಯಾರ್ಥಿ ನಿಲಯದಿಂದ ಹತ್ತು ನಿಮಿಷದ ದಾರಿಯಲ್ಲಿ ಹರಿಯುತ್ತದೆ. 2002ರ ಆಗಸ್ಟ್‌ನಲ್ಲಿ ಪ್ರಾಗ್‌ನ ಮೆಟ್ರೋ ಸುರಂಗಗಳಿಗೆ ನೀರು ನುಗ್ಗಿ, ಕೆಲವೇ ದಿನಗಳಲ್ಲಿ ಡ್ರೆಸ್ಡೆನ್‌ನಲ್ಲಿ ಎಲ್ಬೆ 9.40 ಮೀಟರ್ ಮಟ್ಟಕ್ಕೇರಿತು. 1890ರಲ್ಲಿ ಇದೇ ಸೇತುವೆಯ ಕಮಾನುಗಳು ನೆರೆಯಲ್ಲಿ ಕುಸಿದಿದ್ದವು. ಭೀಮೆಯ ನೆರೆ ನೋಡಿ ಬೆಳೆದವನಿಗೆ ಒಂದೇ ನೀರು ಎರಡು ದೇಶಗಳಲ್ಲಿ ಬಿಟ್ಟ ಗುರುತುಗಳನ್ನು ನೋಡುವುದು ಪಠ್ಯದಲ್ಲಿ ಓದಿದ್ದಕ್ಕಿಂತ ಹೆಚ್ಚು ಕಲಿಸಿತು. ರೈಲು ನದಿಯ ದಂಡೆಯಲ್ಲೇ ಸಾಗುವುದರಿಂದ, ಹೋಗುವಾಗ ಎಡಗಡೆಯ ಕಿಟಕಿಯ ಪಕ್ಕ ಕುಳಿತರೆ ಬಾಡ್ ಶಾಂಡೌ ಸುತ್ತಲಿನ ಮರಳುಗಲ್ಲಿನ ಬಂಡೆಗಳೂ ಚೆನ್ನಾಗಿ ಕಾಣುತ್ತವೆ.

ಎಲ್ಬೆ ದಂಡೆ, ಮ್ಯಾಗ್ಡೆಬರ್ಗ್

ಇಬ್ಬರ ಬರಹವನ್ನೂ ಇಷ್ಟಪಟ್ಟು ಓದಿದೆ. ಆದರೂ ಯಾದವಗಿರಿಯವರ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನೀವು ಎರಡು ವರ್ಷದ ಪದವಿಗೆ ಬಂದವರು, ಆಮೇಲೆ ಕೆಲಸ ಸಿಕ್ಕರೆ ಇಲ್ಲೇ ಉಳಿಯುವ ಅವಕಾಶವೂ ಇದೆ. ನಾನು ಒಂದೇ ಸೆಮಿಸ್ಟರಿನ ವಿನಿಮಯ ವಿದ್ಯಾರ್ಥಿನಿಯಾಗಿ ಬಂದಿದ್ದೇನೆ. ಪರೀಕ್ಷೆ, ಪ್ರಯೋಗಾಲಯ ಎಲ್ಲ ಕಳೆದರೆ ನನ್ನ ಕೈಯಲ್ಲಿ ಉಳಿಯುವುದು ಏಳೋ ಎಂಟೋ ವಾರಾಂತ್ಯಗಳು. ದಾವಣಗೆರೆಯಲ್ಲಿರುವ ನಮ್ಮ ಅಪ್ಪ ಅಮ್ಮ ಇನ್ನೊಮ್ಮೆ ಯುರೋಪಿಗೆ ಕಳಿಸುವಷ್ಟು ಅನುಕೂಲಸ್ಥರಲ್ಲ, ನಾನೇ ದುಡಿದು ಬರುವುದಕ್ಕೂ ಎಷ್ಟು ವರ್ಷ ಬೇಕೋ ತಿಳಿಯದು. ಅಂಥವಳಿಗೆ ಪ್ರಾಗ್, ವಿಯೆನ್ನಾ, ಬ್ರಾಟಿಸ್ಲಾವಾ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿಬಿಡಬೇಕೆಂಬ ಆಸೆ ತಪ್ಪೆಂದು ನನಗನ್ನಿಸುವುದಿಲ್ಲ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಒಂದು ಗಂಟೆಯಷ್ಟೇ. ಅಷ್ಟು ಹತ್ತಿರ ಹೋಗಿ ನೋಡದೆ ಬಂದರೆ ಆ ಕೊರಗು ಉಳಿಯುತ್ತದೆ.

ಯಾದವಗಿರಿಯವನು, ಡ್ರೆಸ್ಡೆನ್

ನಿಮ್ಮ ಸ್ಥಿತಿ ನನ್ನದಕ್ಕಿಂತ ಬೇರೆ ಎಂಬುದನ್ನು ಒಪ್ಪುತ್ತೇನೆ, ಮೊದಲ ಬರಹದಲ್ಲಿ ಆ ವ್ಯತ್ಯಾಸವನ್ನು ನಾನು ಯೋಚಿಸಿರಲಿಲ್ಲ. ಹಾಗಿದ್ದರೂ ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಎರಡೂವರೆ ಗಂಟೆ, ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು, ಅಲ್ಲಿಂದ ಬ್ರಾಟಿಸ್ಲಾವಾಕ್ಕೆ ಒಂದು, ಬ್ರಾಟಿಸ್ಲಾವಾದಿಂದ ಮರಳಿ ಡ್ರೆಸ್ಡೆನ್‌ಗೆ ಆರೂವರೆ ಗಂಟೆಗೂ ಮೇಲು. ಒಟ್ಟು 14 ಗಂಟೆ ರೈಲಿನಲ್ಲೇ ಕಳೆಯುತ್ತದೆ, ಮ್ಯಾಗ್ಡೆಬರ್ಗ್‌ನಿಂದ ಹೊರಡುವ ನಿಮಗೆ ಇನ್ನೂ ಹೆಚ್ಚು. ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗಿನ ಹೊತ್ತಿನಲ್ಲಿ ನಿದ್ದೆ ಕಳೆದು, ನಿಲ್ದಾಣಗಳಲ್ಲಿ ಕಾಯುವುದನ್ನೂ ಚೀಲ ಇಡಲು ಲಾಕರ್ ಹುಡುಕುವುದನ್ನೂ ಕಳೆದರೆ ಒಂದೊಂದು ಊರಿಗೆ ಆರೇಳು ಗಂಟೆ ಸಿಕ್ಕೀತು. ನೀವು ಒಬ್ಬರೇ ಹೋಗುವುದಾದರೆ ಇದು ಸಾಧ್ಯ. ನಾಲ್ವರು ಸೇರಿದಾಗ ಪ್ರತಿಯೊಂದು ತಿರುವಿನಲ್ಲೂ ಒಬ್ಬರಿಗೆ ಶೌಚಾಲಯ, ಇನ್ನೊಬ್ಬರಿಗೆ ಚಾರ್ಜರ್, ಮತ್ತೊಬ್ಬರಿಗೆ ಕಾಫಿ ಬೇಕಾಗುವುದು ಸಹಜ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮೂರು ಊರಿನ ಆಸೆ ಇರುವವರು ಮೂರು ದಿನದ ರಜೆ ಸಿಕ್ಕಾಗ ಎರಡು ಊರಿಗೆ ಇಳಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಶಿರಸಿಯವಳು, ಸಾಕ್ಸನಿ

ಬರಲಾಗದ ಐದನೆಯವಳು ನಾನು. ಕಾರಣವನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ಇನ್ನಷ್ಟು ಜನ ಮಾಡುವ ಸಾಧ್ಯತೆ ಇದೆ.

ನನ್ನ ವಾಸದ ಪರವಾನಗಿಯ ಅವಧಿ ಮುಗಿಯಲು ಮೂರು ವಾರವಿದ್ದಾಗ ನವೀಕರಣಕ್ಕೆ ಅರ್ಜಿ ಹಾಕಿದೆ. ಎರಡು ತಿಂಗಳ ಮೊದಲೇ ಹಾಕಬೇಕಿತ್ತು, ಪರೀಕ್ಷೆಯ ಗಡಿಬಿಡಿಯಲ್ಲಿ ಮುಂದೂಡಿದ್ದು ನಾನೇ. ಅರ್ಜಿ ತಲುಪಿದೆಯೆಂಬ ಮಿಂಚಂಚೆ ಬಂತು, ಭೇಟಿಯ ದಿನಾಂಕ ಪ್ರವಾಸದ ನಂತರಕ್ಕೆ ಸಿಕ್ಕಿತು. ಮಿಂಚಂಚೆಯ ಮುದ್ರಿತ ಪ್ರತಿ ಸಾಕೆಂದು ನಾನು ತಿಳಿದಿದ್ದೆ. ಅದು ಪ್ರಯಾಣದ ದಾಖಲೆಯಾಗುವುದಿಲ್ಲ. ಜರ್ಮನಿಯ ವಾಸದ ಪರವಾನಗಿ ಚಾಲ್ತಿಯಲ್ಲಿದ್ದರೆ ಪಾಸ್‌ಪೋರ್ಟಿನೊಡನೆ ಬೇರೆ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ತೆಗೆದುಹಾಕಿಕೊಂಡ ಯುರೋಪಿನ ದೇಶಗಳಲ್ಲಿ, ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ಇರಬಹುದು. ಪರವಾನಗಿ ಚಾಲ್ತಿಯಲ್ಲಿಲ್ಲದಿದ್ದರೆ ಆ ಅನುಕೂಲವೂ ಇಲ್ಲ. ನವೀಕರಣದ ನಡುವಿನ ಅವಧಿಗೆ ಕಚೇರಿ ಕೊಡುವ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ಪತ್ರದಲ್ಲೂ ಬಗೆಗಳಿವೆ. ಇದ್ದ ಪರವಾನಗಿ ಮುಂದುವರಿಯುತ್ತದೆಂದು ಗುರುತು ಹಾಕಿದ ಪತ್ರವಿದ್ದರೆ ಹೊರಗೆ ಹೋಗಿ ಮರಳಬಹುದು, ಬೇರೆ ಗುರುತಿದ್ದರೆ ಆಗದು. ನಿಮ್ಮ ಪತ್ರ ಯಾವ ಬಗೆಯದೆಂದು ಟಿಕೆಟ್ ತೆಗೆಯುವ ಮೊದಲೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಷೆಂಗೆನ್ ಒಳಗೆ ಯಾರೂ ತಪಾಸಣೆ ಮಾಡುವುದಿಲ್ಲ, ಸುಮ್ಮನೆ ಬಾ ಎಂದು ಹೇಳಿದವರೂ ಇದ್ದರು. ಜರ್ಮನಿ 2023ರ ಅಕ್ಟೋಬರ್‌ನಲ್ಲಿ ಚೆಕ್ ಗಡಿಯಲ್ಲಿ ತಾತ್ಕಾಲಿಕ ತಪಾಸಣೆ ಶುರುಮಾಡಿ, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ನನ್ನ ಸ್ನೇಹಿತರು ಮರಳುವಾಗ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ಮತ್ತು ಪರವಾನಗಿಯ ಕಾರ್ಡು ಎರಡನ್ನೂ ನೋಡಿದರಂತೆ. ಅಂದು ನಾನು ಅವರ ಜೊತೆಗಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಮೊಬೈಲಿನಲ್ಲಿರುವ ಚಿತ್ರ ಸಾಲದು, ಮೂಲ ದಾಖಲೆಗಳೇ ಕೈಯಲ್ಲಿರಬೇಕು.

ಗುಂಪಿನವರಿಗೆ ನನ್ನದೊಂದು ಕೋರಿಕೆ. ದಿನಾಂಕ ನಿಗದಿ ಮಾಡುವ ಮೊದಲು, ಎಲ್ಲರ ದಾಖಲೆಯ ಅವಧಿ ಯಾವಾಗ ಮುಗಿಯುತ್ತದೆಂದು ಪ್ರತಿಯೊಬ್ಬರನ್ನೂ ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ, ಗುರುವಾರ ಸಂಜೆ ಎಲ್ಲರೂ ಚೀಲ ತುಂಬುತ್ತಿರುವಾಗ ಈ ವಿಷಯ ಹೊರಬಿತ್ತು. ನನ್ನಿಂದಾಗಿ ಪ್ರವಾಸ ನಿಲ್ಲಿಸುವುದಾಗಿ ಅವರು ಹೇಳಿದಾಗ ಬೇಡವೆಂದು ಒತ್ತಾಯಿಸಿ ಕಳಿಸಿದವಳು ನಾನೇ, ಆದರೆ ಆ ವಾರಾಂತ್ಯ ಕಳೆಯುವುದು ಬಹಳ ಕಷ್ಟವಾಯಿತು.

ಹಾಸನದವಳು, ಡ್ರೆಸ್ಡೆನ್

ಅವಳನ್ನು ಬಿಟ್ಟು ಹೋದದ್ದು ಸರಿಯೇ ಎಂದು ನಾನು ಈಗಲೂ ಕೇಳಿಕೊಳ್ಳುತ್ತಿದ್ದೇನೆ. ನಾನು ಆರಿಸಿದ ಜಾಗಕ್ಕೂ ಗಡಿ ದಾಟಲಾಗದವರಿಗೂ ನೇರವಾದ ಸಂಬಂಧವಿರುವುದರಿಂದ ಅದನ್ನು ಇಲ್ಲೇ ಬರೆಯುತ್ತೇನೆ.

ಪ್ರಾಗ್‌ನ ಮಾಲಾ ಸ್ತ್ರಾನಾ ಬಡಾವಣೆಯ ಲೊಬ್ಕೊವಿಟ್ಸ್ ಅರಮನೆ ಈಗಿನ ಜರ್ಮನ್ ರಾಯಭಾರ ಕಚೇರಿ, ಅಂದು ಪಶ್ಚಿಮ ಜರ್ಮನಿಯದಾಗಿತ್ತು. 1989ರ ಬೇಸಿಗೆಯ ಕೊನೆಯಲ್ಲಿ ಪಶ್ಚಿಮಕ್ಕೆ ಹೋಗಲು ಅನುಮತಿಯಿಲ್ಲದ ಪೂರ್ವ ಜರ್ಮನಿಯ ಸಾವಿರಾರು ಜನ ಅದರ ಬೇಲಿ ಹಾರಿ ಉದ್ಯಾನದಲ್ಲಿ ಡೇರೆ ಹಾಕಿ ಕುಳಿತರು. ಸೆಪ್ಟೆಂಬರ್ 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಸಚಿವ ಹಾನ್ಸ್ ಡೀಟ್ರಿಚ್ ಗೆನ್ಷರ್ ಅಲ್ಲಿನ ಮಹಡಿಯ ಮೊಗಸಾಲೆಯಲ್ಲಿ ನಿಂತು ಅವರಿಗೆ ಹೊರಡುವ ಅನುಮತಿ ಸಿಕ್ಕಿದೆಯೆಂದು ಹೇಳತೊಡಗಿದಾಗ, ವಾಕ್ಯ ಮುಗಿಯುವ ಮೊದಲೇ ಎದ್ದ ಹರ್ಷೋದ್ಗಾರದಲ್ಲಿ ಅವರ ಮಾತು ಮುಳುಗಿತು. ಆ ಜನರನ್ನು ಕರೆದೊಯ್ದ ರೈಲುಗಳು ಪೂರ್ವ ಜರ್ಮನಿಯ ನೆಲದ ಮೇಲೆ ಹಾದು, ಡ್ರೆಸ್ಡೆನ್ ಮತ್ತು ಅಂದು ಕಾರ್ಲ್ ಮಾರ್ಕ್ಸ್ ಸ್ಟಾಟ್ ಎನ್ನಿಸಿಕೊಂಡಿದ್ದ ಕೆಮ್ನಿಟ್ಸ್ ಮಾರ್ಗವಾಗಿ ಬವೇರಿಯಾದ ಹೋಫ್ ತಲುಪಿದವು. ಅಕ್ಟೋಬರ್ 4ರ ರಾತ್ರಿ ಮತ್ತಷ್ಟು ರೈಲುಗಳು ಬರುತ್ತಿವೆಯೆಂದು ತಿಳಿದು, ಹತ್ತಿಕೊಳ್ಳುವ ಆಸೆಯಿಂದ ಸಾವಿರಾರು ಜನ ಡ್ರೆಸ್ಡೆನ್ ನಿಲ್ದಾಣದಲ್ಲಿ ಸೇರಿದರು, ಪೊಲೀಸರೊಡನೆ ಘರ್ಷಣೆಯಾಯಿತು. ನಾವು ಶುಕ್ರವಾರ ಸ್ಯಾಂಡ್‌ವಿಚ್ ಕೊಂಡು ರೈಲಿಗೆ ಕಾದು ನಿಂತದ್ದು ಅದೇ ನಿಲ್ದಾಣದಲ್ಲಿ.

ರಾಯಭಾರ ಕಚೇರಿಯ ಒಳಗೆ ಹೋಗಲು ಬರುವುದಿಲ್ಲ. ಪೆಟ್ರಿನ್ ಗುಡ್ಡದ ಕಡೆಯಿಂದ ಸುತ್ತಿ ಹಿಂಬದಿಗೆ ಹೋದರೆ, ಬೇಲಿಯ ಕಂಬಿಗಳ ನಡುವೆ ಉದ್ಯಾನ ಕಾಣುತ್ತದೆ. ದಾವಿದ್ ಚೆರ್ನಿ ಎಂಬ ಶಿಲ್ಪಿ ಮಾಡಿದ, ನಾಲ್ಕು ಕಾಲುಗಳ ಮೇಲೆ ನಿಂತ, ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಶಿಲ್ಪವೂ ಅಲ್ಲಿದೆ. ಓಡಿಹೋದವರು ಬೀದಿಗಳಲ್ಲಿ ಬಿಟ್ಟುಹೋದ ಕಾರುಗಳ ನೆನಪು ಅದು. ನಾವು ಅಲ್ಲಿ ಹೆಚ್ಚು ಮಾತಾಡಲಿಲ್ಲ. ನಮ್ಮ ಗೆಳತಿಗೆ ಅಲ್ಲಿಂದಲೇ ಫೋನ್ ಮಾಡಿ ಆ ಬೇಲಿಯನ್ನು ತೋರಿಸಿದೆವು.

ಉಡುಪಿ ಕಡೆಯವ, ಡ್ರೆಸ್ಡೆನ್

ನನಗೆ ಯಾವ ಜಾಗದ ಹಂಬಲವೂ ಇರಲಿಲ್ಲ. ಶನಿವಾರ ಸಂಜೆ ಎರಡು ಗಂಟೆ ಎಲ್ಲರೂ ಒಂದೇ ಕಡೆ ಸುಮ್ಮನೆ ಕುಳಿತಿರಬೇಕೆಂದು ಕೇಳಿದೆ, ಲೆಟ್ನಾ ಉದ್ಯಾನದಲ್ಲಿ ನದಿಯ ಸೇತುವೆಗಳು ಸಾಲಾಗಿ ಕಾಣುವಲ್ಲಿ ಕುಳಿತೆವು. ಖರ್ಚಿನ ಲೆಕ್ಕವೂ ಅಡುಗೆಯೂ ನನ್ನ ಪಾಲಿಗೆ ಬಂದಿದ್ದರಿಂದ ಆ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ರೈಲಿನ ಟಿಕೆಟನ್ನು ಮೂರು ವಾರ ಮೊದಲೇ ಚೆಕ್ ರೈಲ್ವೆಯ ಜಾಲತಾಣದಲ್ಲಿ ತೆಗೆದೆವು, ಅದೇ ರೈಲಿಗೆ ಅಲ್ಲಿ ಬಹಳ ಸಲ ಕಡಿಮೆ ದರ ಸಿಗುತ್ತದೆ. ಜರ್ಮನಿಯ ಸ್ಥಳೀಯ ರೈಲು, ಬಸ್ಸುಗಳಿಗೆ ನಾವು ಇಟ್ಟುಕೊಂಡಿರುವ ತಿಂಗಳ ಪಾಸು, ಅಂದರೆ ಡಾಯ್ಚ್‌ಲಾಂಡ್ ಟಿಕೆಟ್, ಈ ಅಂತರರಾಷ್ಟ್ರೀಯ ರೈಲಿಗೆ ನಡೆಯುವುದಿಲ್ಲ. ಪ್ರಾಗ್‌ನಲ್ಲಿ ನಡೆಯುವುದು ಕೊರುನಾ. ಒಂದು ಯೂರೋಗೆ 25ರ ಆಸುಪಾಸು ಎಂದಿಟ್ಟುಕೊಂಡರೆ ಬಾಯಿಲೆಕ್ಕ ಸುಲಭ. ಹೆಚ್ಚಿನ ಕಡೆ ಕಾರ್ಡು ನಡೆಯುವುದರಿಂದ ನಗದು ಸ್ವಲ್ಪವೇ ಸಾಕು. ಎಟಿಎಂ ಯಂತ್ರ ಯೂರೋದಲ್ಲೇ ಲೆಕ್ಕ ಹಾಕಿಕೊಡಲೇ ಎಂದು ಕೇಳಿದರೆ ಬೇಡವೆನ್ನಿ, ಇಲ್ಲವಾದರೆ ಅದು ತನ್ನದೇ ದರ ಹಿಡಿದು ಹಣ ಕಡಿಯುತ್ತದೆ. ಹಣ ಬದಲಾಯಿಸುವ ಅಂಗಡಿಯಲ್ಲಿ ಮೋಸವಾಯಿತೆನಿಸಿದರೆ ಮೂರು ಗಂಟೆಯೊಳಗೆ ರಸೀದಿಯೊಡನೆ ಹೋಗಿ ವ್ಯವಹಾರ ರದ್ದುಪಡಿಸುವ ಹಕ್ಕನ್ನು ಅಲ್ಲಿನ ಕಾನೂನು 2019ರಿಂದ ಕೊಟ್ಟಿದೆ. ಟ್ರಾಮಿನ ಕಾಗದದ ಟಿಕೆಟನ್ನು ಕೊಂಡರಷ್ಟೇ ಸಾಲದು, ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಇದನ್ನು ಮರೆತು ದಂಡ ಕಟ್ಟಿದ ವಿದ್ಯಾರ್ಥಿಗಳನ್ನು ನಾನು ಬಲ್ಲೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಕ್ನೆಡ್ಲಿಕ್ ಎಂಬುದು ಹಿಟ್ಟನ್ನು ಉರುಳೆ ಕಟ್ಟಿ ಬೇಯಿಸಿ ಹೋಳು ಮಾಡಿ ಬಡಿಸುವ ತಿನಿಸು, ನೋಡಿದೊಡನೆ ನನಗೆ ಮನೆಯ ಕಡುಬು ನೆನಪಾಯಿತು. ಆದರೆ ಅದು ಸಾಮಾನ್ಯವಾಗಿ ಮಾಂಸದ ಗಸಿಯೊಡನೆ ಬರುತ್ತದೆ, ಸ್ವಿಚ್ಕೋವಾ ಎಂಬ ಹೆಸರಿನ ಪ್ರಸಿದ್ಧ ಊಟ ದನದ ಮಾಂಸದ್ದು. ಬ್ರಂಬೊರಾಚ್ಕಾ ಎಂಬ ಆಲೂಗಡ್ಡೆಯ ಸಾರು ಒಳ್ಳೆಯದು, ಅದನ್ನೂ ಮಾಂಸದ ನೀರಿನಲ್ಲಿ ಮಾಡಿರಬಹುದಾದ್ದರಿಂದ ಕೇಳಿ ತೆಗೆದುಕೊಳ್ಳಿ. ಕರಿದ ಗಿಣ್ಣು, ಅಂದರೆ ಚೀಸ್, ಎಲ್ಲೆಡೆ ಸಿಗುತ್ತದೆ, ಎರಡು ಹೊತ್ತು ತಿಂದರೆ ಸಾಕಾಗುತ್ತದೆ. ನಾವು ಅಡುಗೆಮನೆ ಇರುವ ಹಾಸ್ಟೆಲನ್ನೇ ಹುಡುಕಿ, ಮನೆಯಿಂದ ಬಂದಿದ್ದ ಪುಳಿಯೋಗರೆ ಗೊಜ್ಜಿನ ಬಾಟಲಿ ಒಯ್ದು ರಾತ್ರಿ ಅನ್ನ ಮಾಡಿಕೊಂಡೆವು.

ಕೆಮ್ನಿಟ್ಸ್ ಕನ್ನಡತಿ

ಯಾದವಗಿರಿಯವರೇ, ನಿಮ್ಮ ಕಥೆಗೆ ನಮ್ಮೂರಿನ ಕೊಂಡಿಯೊಂದು ಬಿಟ್ಟುಹೋಗಿದೆ. ಯಾನೆಚೆಕ್ ಯಾರ ಬೈಕು ತಯಾರಿಕೆಯನ್ನು ಕೊಂಡನೋ ಆ ವಾಂಡರರ್ ಕಂಪನಿ ಕೆಮ್ನಿಟ್ಸ್‌ನದು. ಹಾಗಾಗಿ ಯಾದವಗಿರಿಗೆ ಬಂದ ಬೈಕಿನ ಹೆಸರಿನ ಎರಡನೆಯ ಅರ್ಧ ನಿಮ್ಮ ವಿದ್ಯಾರ್ಥಿ ನಿಲಯದಿಂದ ರೈಲಿನಲ್ಲಿ ಒಂದು ಗಂಟೆಯಷ್ಟು ದೂರದ ಊರಿನದೇ. ಇಲ್ಲಿ ಸಾಕ್ಸನಿಯ ವಾಹನಗಳ ವಸ್ತುಸಂಗ್ರಹಾಲಯವೂ ಇದೆ. ಡಾಯ್ಚ್‌ಲಾಂಡ್ ಟಿಕೆಟಿನಲ್ಲೇ ಬಂದುಹೋಗಬಹುದು. ಬರುವುದಾದರೆ ತಿಳಿಸಿ, ಊಟ ನಮ್ಮ ಮನೆಯಲ್ಲಿ.

ಖರ್ಚಿನ ಬಗ್ಗೆ ಉಡುಪಿಯವರು ಬರೆಯದೆ ಬಿಟ್ಟ ಒಂದು ಮಾತನ್ನು ಹೇಳಬೇಕಿದೆ. ವೀಸಾಗಾಗಿ ನಾವು ತಡೆಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಬ್ಯಾಂಕ್ ಖಾತೆಯಲ್ಲಿ, ಇಟ್ಟ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅದರಲ್ಲಿ ಬಾಡಿಗೆ, ಆರೋಗ್ಯ ವಿಮೆ ಕಳೆದ ಮೇಲೆ ಉಳಿಯುವುದು ಎಲ್ಲರಿಗೂ ಒಂದೇ ಅಲ್ಲ. ಊರಿನಲ್ಲಿ ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವವರು, ಶನಿವಾರ ಭಾನುವಾರವೇ ಗೋದಾಮಿನ ಕೆಲಸಕ್ಕೆ ಹೋಗುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಾನು ಮೊದಲ ವರ್ಷ ಅಂಥವಳಾಗಿದ್ದೆ. ಸ್ನೇಹಿತರು ವಾರಾಂತ್ಯಕ್ಕೆ ಕರೆದಾಗ ಎರಡು ದಿನದ ಕೂಲಿ ಹೋಗುವ ಜೊತೆಗೆ ಖರ್ಚೂ ಬೀಳುತ್ತದೆಂದು ಹೇಳಲು ನಾಚಿ, ಓದುವುದಿದೆ ಎಂದು ನೆಪ ಹೇಳುತ್ತಿದ್ದೆ. ಒಮ್ಮೆ ನಾಚಿಕೆಯಿಂದಲೇ ಹೋಗಿ, ಎಲ್ಲರೊಡನೆ ಸಮನಾಗಿ ಹಂಚಿಕೊಂಡು, ತಿಂಗಳ ಕೊನೆಯ ಹತ್ತು ದಿನ ಅನ್ನ ಮೊಸರಿನಲ್ಲಿ ಕಳೆದೆ. ಆದ್ದರಿಂದ ಜಾಗ ಆರಿಸುವ ಮೊದಲು ಪ್ರತಿಯೊಬ್ಬರೂ ತಮ್ಮಿಂದಾಗುವ ಮೊತ್ತವನ್ನು ಗುಂಪಿನ ಒಬ್ಬರಿಗೆ ಮಾತ್ರ ಖಾಸಗಿಯಾಗಿ ತಿಳಿಸಬೇಕು, ಎಲ್ಲಕ್ಕಿಂತ ಕಡಿಮೆಯ ಮೊತ್ತವೇ ಇಡೀ ಗುಂಪಿನ ಮಿತಿಯಾಗಬೇಕು, ಅದು ಯಾರದೆಂದು ಎಂದೂ ಹೊರಬೀಳಬಾರದು. ನಾನು ಈಗ ಹೋಗುವ ಗುಂಪಿನಲ್ಲಿ ಹೀಗೆಯೇ ಮಾಡುತ್ತೇವೆ.

ಉಡುಪಿ ಕಡೆಯವ, ಡ್ರೆಸ್ಡೆನ್

ನೀವು ಹೇಳಿದ್ದು ಸರಿ. ನಾನು ಪ್ರತಿ ರಾತ್ರಿ ಲೆಕ್ಕ ಹಾಕಿ ನಾಲ್ಕರಿಂದ ಭಾಗಿಸುತ್ತಿದ್ದೆ, ಲೆಕ್ಕ ಪಾರದರ್ಶಕವಾಗಿದ್ದರೆ ನ್ಯಾಯವೂ ಆಯಿತೆಂದು ತಿಳಿದಿದ್ದೆ. ಮೊದಲೇ ಮಿತಿಯನ್ನು ಕೇಳಿರಲಿಲ್ಲ. ಮುಂದಿನ ಸಲ ನೀವು ಹೇಳಿದಂತೆ ಮಾಡುತ್ತೇನೆ.

ಎಲ್ಬೆ ದಂಡೆ, ಮ್ಯಾಗ್ಡೆಬರ್ಗ್

ಎಲ್ಲರ ಮಾತನ್ನೂ ಓದಿದ ಮೇಲೆ ನನ್ನ ಯೋಜನೆಯಿಂದ ಬ್ರಾಟಿಸ್ಲಾವಾವನ್ನು ತೆಗೆದಿದ್ದೇನೆ. ವಿಯೆನ್ನಾವನ್ನು ಬಿಡಲು ಮನಸ್ಸಾಗುತ್ತಿಲ್ಲ, ಅದಕ್ಕೆ ಬೇರೆಯೇ ಒಂದು ವಾರಾಂತ್ಯ ಇಟ್ಟುಕೊಳ್ಳುತ್ತೇನೆ. ಆದರೆ ಕಡಿಮೆ ಸಮಯ ಇರುವವರು ಹೆಚ್ಚು ಊರು ನೋಡಬಯಸುವುದನ್ನು ಅವಸರವೆಂದಷ್ಟೇ ಎಣಿಸಬೇಡಿ ಎಂಬ ನನ್ನ ಮಾತು ಉಳಿದಿದೆ. ನನ್ನೊಡನೆ ಬರುವ ಇಬ್ಬರಿಗೆ ನಿನ್ನೆ ಅವರವರ ಒಂದೊಂದು ಜಾಗ ಯಾವುದೆಂದು ಕೇಳಿದೆ. ಒಬ್ಬಳು ವೆನ್ಸೆಸ್ಲಾಸ್ ಚೌಕದಲ್ಲಿರುವ ಬಾಟಾ ಅಂಗಡಿಯ ಕಟ್ಟಡವೆಂದಳು. ಶಾಲೆಗೆ ಹೋಗುವಾಗ ಹಾಕುತ್ತಿದ್ದ ಕಪ್ಪು ಬೂಟು ನಮ್ಮ ದೇಶದ ಕಂಪನಿಯದೆಂದೇ ಅವಳು ನಂಬಿದ್ದಳಂತೆ, ಅದು ಚೆಕ್ ದೇಶದ ಜ್ಲಿನ್ ಪಟ್ಟಣದಲ್ಲಿ ಹುಟ್ಟಿದ್ದೆಂದು ತಿಳಿದಾಗಿನಿಂದ ನೋಡಬೇಕೆಂಬ ಆಸೆಯಂತೆ. ಎರಡು ವರ್ಷದಿಂದ ಗೆಳತಿಯಾಗಿದ್ದರೂ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಶಿರಸಿಯವಳು, ಸಾಕ್ಸನಿ

ನನ್ನ ಹೊಸ ಪರವಾನಗಿಯ ಕಾರ್ಡು ಮೊನ್ನೆ ಕೈಗೆ ಬಂತು. ಮುಂದಿನ ತಿಂಗಳು ಐವರೂ ಹೋಗುವುದೆಂದು ನಿಶ್ಚಯವಾಗಿದೆ, ಮಿತಿಯ ಮೊತ್ತವನ್ನು ಈ ಸಲ ಹಾಸನದ ಗೆಳತಿಗೆ ಖಾಸಗಿಯಾಗಿ ತಿಳಿಸಿದ್ದೇವೆ.

ನನ್ನ ಜಾಗವನ್ನೂ ಆರಿಸಿದ್ದೇನೆ. ಭಾಷಾಶಾಸ್ತ್ರ ಓದುವ ನನಗೆ, 1348ರಲ್ಲಿ ಸ್ಥಾಪನೆಯಾದ ಚಾರ್ಲ್ಸ್ ವಿಶ್ವವಿದ್ಯಾಲಯದ ಕಲಾ ವಿಭಾಗದ ಕಟ್ಟಡವನ್ನು ನೋಡಬೇಕಾಗಿದೆ. ಪ್ರಾಗ್‌ನಲ್ಲಿ ಹುಟ್ಟಿ ಆ ವಿಶ್ವವಿದ್ಯಾಲಯದಲ್ಲೇ ಓದಿದ ಕಾಮಿಲ್ ಜ್ವೆಲೆಬಿಲ್ ಅವರು ತಮಿಳಿನ ದೊಡ್ಡ ವಿದ್ವಾಂಸರು, ನಮ್ಮ ನೆರೆಯ ನೀಲಗಿರಿಯ ಇರುಳರ ಭಾಷೆಯನ್ನು ಅಭ್ಯಾಸ ಮಾಡಿದವರು. ಕನ್ನಡವೂ ಸೇರಿದ ದ್ರಾವಿಡ ಭಾಷಾ ಕುಟುಂಬದ ಬಗ್ಗೆ ನಾನು ಓದಿದ ಪುಟಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಬಂದಿದೆ. 1968ರಲ್ಲಿ ಸೋವಿಯತ್ ಒಕ್ಕೂಟದ ಸೇನೆ ಬಂದ ನಂತರ ಅವರು ಆ ದೇಶ ಬಿಟ್ಟು ಹೋಗಿ, ಮುಂದೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಪ್ರಾಧ್ಯಾಪಕರಾದರು. ಆ ಕಟ್ಟಡದ ಮುಂದಿನ ಚೌಕಕ್ಕೆ ಈಗ ಯಾನ್ ಪಾಲಾಖ್ ಹೆಸರಿದೆ. ಸೇನೆಯ ಆಕ್ರಮಣವನ್ನು ವಿರೋಧಿಸಿ 1969ರ ಜನವರಿಯಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟ ಆತ ಅದೇ ಕಲಾ ವಿಭಾಗದ ವಿದ್ಯಾರ್ಥಿ, ವಯಸ್ಸು 20. ಹಗಲು ಹೊತ್ತಿನಲ್ಲಿ ಹೋಗಿ ಆ ಮೆಟ್ಟಿಲುಗಳ ಮೇಲೆ ಸ್ವಲ್ಪ ಹೊತ್ತು ಇರಬೇಕೆಂಬುದಷ್ಟೇ ನನ್ನ ಕೋರಿಕೆ.

ಯಾದವಗಿರಿಯವನು, ಡ್ರೆಸ್ಡೆನ್

ಶನಿವಾರ ಬೆಳಿಗ್ಗೆ ಮೊದಲು ನಿನ್ನ ಜಾಗಕ್ಕೇ ಹೋಗೋಣ. ಚಾರ್ಲ್ಸ್ ಸೇತುವೆಯಿಂದ ನದಿಯ ದಂಡೆ ಹಿಡಿದು ನಡೆದರೆ ಐದಾರು ನಿಮಿಷದ ದಾರಿ, ಕಲಬುರಗಿಯವನು ಎಲ್ಲರನ್ನೂ ಮತ್ತೆ ಐದೂವರೆಗೆ ಎಬ್ಬಿಸುವುದಾಗಿ ಹೇಳಿದ್ದಾನೆ. ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನಾನು ಈ ಸಲ ಹತ್ತು ನಿಮಿಷ ಮಾತ್ರ ಹೋಗಿಬರುತ್ತೇನೆ: ಊರಿಗೆ ಫೋನ್ ಮಾಡಿ ಹೇಳಿದಾಗ ಅಜ್ಜಿ, ತಾತನ ಫೋಟೋದ ದೊಡ್ಡ ಪ್ರತಿಯೊಂದನ್ನು ಹಿಂದೆ ಹೆಸರು ಬರೆದು ಅಂಚೆಯಲ್ಲಿ ಕಳಿಸಿದ್ದಾರೆ, ಅದನ್ನು ಆ ಕಾವಲಿನ ಮಹಿಳೆಯ ಕೈಗೆ ಕೊಡಬೇಕು. ಸೋಮವಾರ ಅದು ಮುಚ್ಚಿರುತ್ತದೆ, ಆದ್ದರಿಂದ ಶನಿವಾರ ಮಧ್ಯಾಹ್ನವೇ ಕೊಟ್ಟುಬರುತ್ತೇನೆ.